ಹೊಂಗೆ ಮರಕ್ಕೆ ಬಾಗಿಲ ಸಂಖ್ಯೆ ಕೇಳಿದವರಿಗೆ

ಮಾನ್ಯರೇ,

ಇಂದು ಬೆಳಗ್ಗೆ ಹಾಲು ತರಲು ಹೋದಾಗ, ಸಹಕಾರನಗರದ ನಮ್ಮ ರಸ್ತೆಯ ಹೊಂಗೆ ಮರಕ್ಕೆ ಮನೆ ನಂಬರು ಬಂದಿರುವುದನ್ನು ಗಮನಿಸಿದೆ. ಕಾಂಡದ ಮೇಲೆ ಎದೆಯೆತ್ತರದಲ್ಲಿ, ಸುಣ್ಣದಿಂದ ದಪ್ಪಗೆ ೪೨ ಎಂದು ಬರೆದಿತ್ತು. ಸುಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಕಬ್ಬಿನ ಹಾಲಿನ ಗಾಡಿಯ ಪಕ್ಕೆಯಲ್ಲೂ ೪೨. ಬೀಗದ ಕೀ ಮಾಡಿಕೊಡುವ ಮುಜಫ್ಫರ್ ಅವರ ಮರದ ಪೆಟ್ಟಿಗೆಯ ಮೇಲೂ ೪೨. ಹಾಲು ತೆಗೆದುಕೊಂಡು ಮನೆಗೆ ಮರಳುವಷ್ಟರಲ್ಲಿ ಐದು ನಲವತ್ತೆರಡುಗಳನ್ನು ಎಣಿಸಿದ್ದೆ.

ಈ ನಂಬರು ಹಾಕಿಸಿದವರು ನೀವು. ಬೀದಿ ಬದಿ ವ್ಯಾಪಾರಿಗಳಿಗೆ ಗುರುತಿನ ಚೀಟಿ ಕೊಡುವ ನಿಮ್ಮ ಕಚೇರಿಯ ಆನ್‌ಲೈನ್ ಅರ್ಜಿ, ಬಾಗಿಲೇ ಇಲ್ಲದವರನ್ನು ಬಾಗಿಲ ಸಂಖ್ಯೆ ಕೇಳುತ್ತಿದೆ. ಸಂಖ್ಯೆ ಕೊಡದವರನ್ನು ಒಳಗೆ ಬಿಡುವುದಿಲ್ಲ. ಕೊಟ್ಟವರನ್ನು ಸುಳ್ಳು ಹೇಳಿದಿರಿ ಎಂದು ಹೊರಗೆ ಹಾಕುತ್ತದೆ. ಇದರಿಂದಾಗಿ ಹೂ ಮಾರುವ ಸೊಣ್ಣಮ್ಮ ಎಂಬವರು ಹತ್ತೊಂಬತ್ತು ವರ್ಷಗಳಿಂದ ಕೂತು ಬಂದ ಜಾಗವನ್ನು ಬರುವ ಮಂಗಳವಾರ ಕಳೆದುಕೊಳ್ಳುವವರಿದ್ದಾರೆ. ಅವರ ಜೊತೆಗೆ ಇನ್ನೂ ಮೂವತ್ತು ಜನ ಇದ್ದಾರೆ. ನಾನು ಸೊಣ್ಣಮ್ಮನವರ ವಿಷಯವನ್ನಷ್ಟೇ ಹೇಳುತ್ತೇನೆ. ಉಳಿದವರದೂ ಅದೇ ಕತೆ, ಅದೇ ನಂಬರು.

ಸೊಣ್ಣಮ್ಮ ಕೂರುವುದು ಆ ಹೊಂಗೆ ಮರದ ಬುಡದಲ್ಲಿ, ಹಾಲಿನ ಬೂತಿನ ಎದುರು, ಟ್ರಾನ್ಸ್‌ಫಾರ್ಮರ್‌ಗೆ ಬೆನ್ನು ಹಾಕಿ. ಬುಟ್ಟಿಯಲ್ಲಿ ಕನಕಾಂಬರ, ಸೇವಂತಿಗೆ, ಮಲ್ಲಿಗೆ. ಅಳತೆಗೆ ಅವರ ಬಲಗೈ. ಈ ಜಾಗಕ್ಕೆ ನೀವು ಬಂದದ್ದು ಯಾವಾಗ ಎಂದು ಒಮ್ಮೆ ಕೇಳಿದ್ದೆ. ಅವರು ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದ್ದರು: "ನಾವ್ ಬಂದ್ ಕುಂತಿರದಲ್ಲ ಕಣವ್ವ ಇಲ್ಲಿ. ನಮ್ಮಪ್ಪನ ಕಾಲ್ದಾಗೆ ಇಲ್ಲಿ ರಾಗಿ ಬೆಳೀತಿದ್ರು, ಮರದ ಕೆಳಗೆ ಬುತ್ತಿ ಉಣ್ತಿದ್ರು. ಲೇಔಟೇ ಬಂದು ನಮ್ ಸುತ್ತ ಕುಂತಿರದು." ಅಂದರೆ ಮರ ಮೊದಲು ಬಂತು, ಬಡಾವಣೆ ಆಮೇಲೆ ಬಂತು, ನಂಬರುಗಳು ಎಲ್ಲಕ್ಕಿಂತ ಕೊನೆಗೆ ಬಂದವು. ನಂಬರು ಹಂಚುವವರು ಮನೆಗಳಿಗೆ ಮಾತ್ರ ಹಂಚಿದರು. ಅದು ಅವರ ತಪ್ಪಲ್ಲ. ಮರದಲ್ಲಿ ಯಾರೂ ಕರೆಗಂಟೆ ಒತ್ತುವುದಿಲ್ಲ.

ನಮ್ಮ ಮನೆಗೆ ನಂಬರು ಇದೆ. ಹಿತ್ತಾಳೆಯ ಫಲಕದಲ್ಲಿ, ನಾಲ್ಕು ಅಂಕಿಗಳಲ್ಲಿ. ಅದನ್ನು ನೋಡಿ ಇದುವರೆಗೆ ನಮ್ಮ ಮನೆಗೆ ಬಂದವರು ಯಾರೂ ನನಗೆ ನೆನಪಿಲ್ಲ. ಕೊರಿಯರ್‌ನವರು ಫೋನ್ ಮಾಡುವುದು ಹೀಗೆ: "ಮೇಡಂ, ಹೊಂಗೆ ಮರದ ಹತ್ರ ಹೂವಿನವ್ರ ಪಕ್ಕ ನಿಂತಿದೀನಿ. ಯಾವ್ ಕಡೆ ಬರ್ಲಿ?" ನನ್ನ ತಾಯಿ ಕೃಷ್ಣವೇಣಿ ಮದುವೆಗೆ, ನಾಮಕರಣಕ್ಕೆ ಬರುವ ನೆಂಟರಿಗೆಲ್ಲ ಹೇಳುವುದೂ ಇಷ್ಟೇ: "ಮರದ ಹತ್ರ ಇಳ್ಕೊಂಡು ಹೂವಿನವರನ್ನ ಕೇಳಿ, ಅವರೇ ತೋರಿಸ್ತಾರೆ." ನಂಬರಿರುವ ಮನೆಯನ್ನು ಜನ ಹುಡುಕುತ್ತಿರುವುದು ನಂಬರಿಲ್ಲದ ಮರದ ಮೂಲಕ. ಆದರೂ ನಿಮ್ಮ ಅರ್ಜಿಯ ಪ್ರಕಾರ, ಇರುವುದು ನಮ್ಮ ಮನೆ ಮಾತ್ರ.

ಈಗ ಅರ್ಜಿಯ ವಿಷಯ. ಸೊಣ್ಣಮ್ಮ ಅದನ್ನು ತುಂಬಿಸಲು ಹೋದದ್ದು ಅದೇ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನಂದಕುಮಾರ್ ಅವರ ಬಳಿ. ಆಧಾರ್, ಪ್ಯಾನ್, ಪರೀಕ್ಷೆಯ ಹಾಲ್ ಟಿಕೆಟ್, ನಮ್ಮ ಬಡಾವಣೆಯ ಕಾಗದವೆಲ್ಲ ಅವರ ಕಂಪ್ಯೂಟರಿನ ಮೂಲಕವೇ ಸರ್ಕಾರದತ್ತ ಹೋಗುವುದು. ಹೆಸರು, ವಯಸ್ಸು, ಫೋನ್ ನಂಬರು ಎಲ್ಲ ಸುಸೂತ್ರವಾಗಿ ಮುಗಿದವು. "ವ್ಯಾಪಾರ ನಡೆಸುವ ಸ್ಥಳ" ಎಂಬ ಖಾನೆಗೆ ಬಂದಾಗ ಅರ್ಜಿ ನಿಂತುಬಿಟ್ಟಿತು. ಮುಂದೆ ನಡೆದುದನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

"ಹೊಂಗೆ ಮರದ ಕೆಳಗೆ ಅಂತ ಹಾಕ್ದೆ ಕಣ್ರೀ. ಕೆಂಪಗೆ ಬಂತು, ಸರಿಯಾದ ವಿಳಾಸ ನಮೂದಿಸಿ ಅಂತ. ಹಾಲಿನ ಬೂತ್ ಎದುರು ಅಂತ ಹಾಕ್ದೆ. ಕೆಂಪು. ಟ್ರಾನ್ಸ್‌ಫಾರ್ಮರ್ ಪಕ್ಕ ಅಂದೆ, ಕೆಂಪು. ಏನ್ ಬೇಕು ಗುರು ನಿಂಗೆ ಅಂತ ಕಂಪ್ಯೂಟರ್‌ನೇ ಕೇಳ್ದೆ. ಕೊನೆಗೆ ತಲೆ ಕೆಟ್ಟು ನನ್ ಅಂಗಡಿ ವಿಳಾಸ ಹಾಕ್ದೆ ನೋಡಿ, ನಲವತ್ತೆರಡು, ಮೇನ್ ರೋಡು ಅಂತ. ಪಟ್ ಅಂತ ಹಸಿರಾಯ್ತು!"

"ಉಳಿದ ಮೂವತ್ತು ಜನಕ್ಕೆ?" ಎಂದೆ.

"ಒಂದ್ಸಲ ತಗೊಂಡಿದ್ದನ್ನ ಬಿಡೋಕಾಗತ್ತಾ ಮೇಡಂ? ಎಲ್ಲಾರ್ಗೂ ಅದೇ ಕಾಪಿ, ಪೇಸ್ಟು."

ನಂದಕುಮಾರ್ ಅವರನ್ನು ದೂಷಿಸುವುದು ಸುಲಭ. ಆದರೆ ಈ ಊರಿನ ಪ್ರತಿಯೊಂದು ಆನ್‌ಲೈನ್ ಕೇಂದ್ರದಲ್ಲೂ ಕೆಲಸ ನಡೆಯುವುದು ಹೀಗೆಯೇ. ಅಲ್ಲಿ ಕೂತವರು ನಿಜವನ್ನು ತುಂಬುವುದಿಲ್ಲ, ಪರದೆ ಒಪ್ಪುವುದನ್ನು ತುಂಬುತ್ತಾರೆ. ಹಾಗೆ ಮಾಡುವುದನ್ನು ಅವರಿಗೆ ಕಲಿಸಿದ್ದು ಪರದೆಯೇ.

ಪರದೆ ಏಕೆ ಹಾಗೆ ಮಾಡಿತು ಎಂಬುದನ್ನು ಈ ಬಹಿರಂಗ ಪತ್ರ ಓದುವ ಇತರರಿಗಾಗಿ ಸ್ವಲ್ಪ ವಿವರಿಸಬೇಕು. ಅರ್ಜಿದಾರರು ಖಾನೆಯಲ್ಲಿ ಏನಾದರೂ ಟೈಪ್ ಮಾಡಿದಾಗ ಅದನ್ನು ಪರೀಕ್ಷಿಸಲು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಒಂದು ಸಾಲಿನ ಸೂತ್ರ ಬರೆದಿರುತ್ತಾರೆ. ಅದನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ನಿಮ್ಮ ಅರ್ಜಿಯ ಆ ಸಾಲು ಇದು:

/^\d+,\s*.+/

ಇದರ ಅರ್ಥ: ಮೊಟ್ಟಮೊದಲು ಒಂದಾದರೂ ಅಂಕಿ ಇರಬೇಕು, ಆಮೇಲೆ ಅಲ್ಪವಿರಾಮ, ಆಮೇಲೆ ಏನಾದರೊಂದು ಇರಬೇಕು, ಏನಿದ್ದರೂ ಸರಿ. ನಾನು ಓದಿದ್ದು ಕನ್ನಡ ಸಾಹಿತ್ಯ. ಇದನ್ನು ಮೊದಲ ಬಾರಿ ಕಲಿತಾಗ ನನಗೆ ನೆನಪಾದದ್ದು ಛಂದಸ್ಸಿನ ತರಗತಿ. ಕಂದಪದ್ಯದಲ್ಲಿ ಒಂದನೆಯ ಸಾಲಿಗೆ ಇಷ್ಟು ಮಾತ್ರೆ, ಎರಡನೆಯದಕ್ಕೆ ಇಷ್ಟು, ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಪರೀಕ್ಷೆಯಲ್ಲಿ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಸರಿ ಎಂದು ಗೆರೆ ಎಳೆಯುತ್ತಿದ್ದೆವು. ಗಣ ಸರಿಯಾಗಿದ್ದರೆ ಪೂರ್ತಿ ಅಂಕ. ಪದ್ಯದಲ್ಲಿ ಹೇಳಿರುವುದು ನಿಜವೋ ಸುಳ್ಳೋ ಎಂದು ಪ್ರಸ್ತಾರ ಕೇಳುವುದಿಲ್ಲ. ಅದು ಆಕಾರವನ್ನು ನೋಡುತ್ತದೆ. ನಮ್ಮ ಮೇಷ್ಟರಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಗಣ ತಪ್ಪಿದ್ದಕ್ಕೆ ಯಾವ ಕವಿಯನ್ನೂ ಅವರು ಊರು ಬಿಡಿಸಲಿಲ್ಲ.

ಈ ಸಾಲೂ ಹಾಗೆಯೇ. ಪ್ರಯೋಗಕ್ಕೆಂದು "1, ಚಂದ್ರಲೋಕ" ಎಂದು ಹಾಕಿ ನೋಡಿದೆ. ಹಸಿರಾಯಿತು. "7, ಇಲ್ಲ" ಎಂದು ಹಾಕಿದೆ. ಅದಕ್ಕೂ ಹಸಿರು. "ಹೊಂಗೆ ಮರದ ಕೆಳಗೆ" ಎಂಬ, ಇಡೀ ಬಡಾವಣೆ ಸಾಕ್ಷಿ ಹೇಳಬಲ್ಲ ಮಾತಿಗೆ ಮಾತ್ರ ಕೆಂಪು. ಚಂದ್ರಲೋಕದಲ್ಲಿ ಹೂ ಮಾರುವವರಿಗೆ ಚೀಟಿ ಕೊಡಲು ನಿಮ್ಮ ಕಚೇರಿಗೆ ತಾತ್ವಿಕವಾಗಿ ಆಕ್ಷೇಪವಿಲ್ಲ ಎಂದು ಇದರಿಂದ ತಿಳಿದುಕೊಂಡೆ.

ಮುಂದಿನ ಕತೆ ನಿಮ್ಮ ಕಡತದಲ್ಲಿದೆ, ಆದರೆ ಕಡತದಲ್ಲಿ ಅದು ಬೇರೆ ರೀತಿ ಇದೆ. ಮೂರು ವಾರದ ಹಿಂದಿನ ಶುಕ್ರವಾರ ನಿಮ್ಮ ಪರಿಶೀಲನಾ ಸಿಬ್ಬಂದಿಯೊಬ್ಬರು ಸ್ಕೂಟರಿನಲ್ಲಿ ಬಂದರು. ಆ ಘಟನೆಯನ್ನು ಸೊಣ್ಣಮ್ಮ ಹೇಳುವುದು ಹೀಗೆ.

"ಸುಕ್ರವಾರ ಅಲ್ವಾ, ಗಾಡಿಗೆ ಅಂತ ಒಂದ್ ಮೊಳ ಸೇವಂತ್ಗೆ ತಕಂಡ್ರು. ಕೈಯಾಗೆ ಪಟ್ಟಿ ಇತ್ತು. 'ಇಲ್ಲಿ ನಲವತ್ತೆರಡು ಎಲ್ಲಿ ಬರ್ತದಮ್ಮಾ' ಅಂದ್ರು. 'ಅಗೋ, ಆ ಜೆರಾಕ್ಸ್ ಅಂಗ್ಡಿ ಸಾ' ಅಂದೆ. ನಾನೇ ಕೈ ತೋರುಸ್ದೆ."

ಅವರು ಹೂವನ್ನು ಸ್ಕೂಟರಿಗೆ ಸುತ್ತಿ, ಸೊಣ್ಣಮ್ಮನವರಿಂದಲೇ ದಾರಿ ಕೇಳಿಕೊಂಡು, ಸೊಣ್ಣಮ್ಮನವರನ್ನು ಹುಡುಕಲು ಹೋದರು. ಜೆರಾಕ್ಸ್ ಅಂಗಡಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ಜೆರಾಕ್ಸ್ ಯಂತ್ರ, ಒಂದು ಲ್ಯಾಮಿನೇಶನ್ ಯಂತ್ರ, ಪ್ಲಾಸ್ಟಿಕ್ ಸ್ಟೂಲು ಮತ್ತು ನಂದಕುಮಾರ್. "ಮೂವತ್ತೊಂದ್ ಜನಾನ ಎಲ್ಲಿ ಇಟ್ಕೊಂಡಿದೀರಾ ಅಂದ್ರು ಮೇಡಂ. ತಮಾಷೆ ಮಾಡ್ತಿದಾರೆ ಅನ್ಕೊಂಡ್ ನಾನ್ ನಕ್ಕೆ. ಅವ್ರು ನಗ್ತಿರ್ಲಿಲ್ಲ. ಸರ್, ಹೊರ್ಗಡೆ ನೋಡಿ, ಎಲ್ಲಾ ಅಲ್ಲೇ ಕೂತವ್ರೆ ಅಂದೆ. ಪಟ್ಟೀಲಿ ಒಳ್ಗಡೆ ಅಂತ ಇದೆ ಅಂದ್ರು." ನಾಲ್ಕು ದಿನದ ನಂತರ ಸೊಣ್ಣಮ್ಮನವರ ಫೋನಿಗೆ ಸಂದೇಶ ಬಂತು. ಓದಿ ಹೇಳಿದವಳು ನಾನು: "ಪರಿಶೀಲಿಸಲಾಗಿ, ಸದರಿ ವಿಳಾಸದಲ್ಲಿ ಅರ್ಜಿದಾರರು ವ್ಯಾಪಾರ ನಡೆಸುತ್ತಿರುವುದು ಕಂಡುಬಂದಿರುವುದಿಲ್ಲ. ಅರ್ಜಿ ತಿರಸ್ಕೃತ. ಮರುಪರಿಶೀಲನೆಯ ದಿನವೂ ಸದರಿ ವಿಳಾಸದಲ್ಲಿ ಕಂಡುಬರದಿದ್ದಲ್ಲಿ, ಅನಧಿಕೃತವಾಗಿ ಆಕ್ರಮಿಸಿರುವ ಸ್ಥಳವನ್ನು ತೆರವುಗೊಳಿಸಲಾಗುವುದು." ಮರುಪರಿಶೀಲನೆ ಬರುವ ಮಂಗಳವಾರ, ಬೆಳಗ್ಗೆ ಹತ್ತೂವರೆಗೆ.

ಮಾನ್ಯರೇ, ಸೊಣ್ಣಮ್ಮ ಇಲ್ಲ ಎಂದು ವರದಿ ಬರೆದ ಹೊತ್ತಿನಲ್ಲಿ ಅವರು ಕಟ್ಟಿದ ಹೂವು ನಿಮ್ಮ ಸಿಬ್ಬಂದಿಯ ಸ್ಕೂಟರಿನ ಮೇಲಿತ್ತು. ವಿಳಾಸದ ಪರಿಶೀಲನೆಗೆ ಇದಕ್ಕಿಂತ ತಾಜಾ ಪುರಾವೆ ಬೇಕೆ? ಮೂರನೆಯ ತರಗತಿವರೆಗೆ ಓದಿದ ಹೆಂಗಸೊಬ್ಬರು ಅಪರಿಚಿತರಿಗೆ ಪ್ರಾಮಾಣಿಕವಾಗಿ ದಾರಿ ತೋರಿಸಿದ್ದೇ ಅವರಿಗೆ ಮುಳುವಾಗಬೇಕೆ? ಅರ್ಜಿಯನ್ನು ಹಸಿರು ಗುರುತು ಹಾಕಿ ಒಪ್ಪಿದ್ದು ನಿಮ್ಮ ಪರದೆ. ಅದೇ ಉತ್ತರವನ್ನು ಸುಳ್ಳೆಂದು ತಿರಸ್ಕರಿಸಿದ್ದು ನಿಮ್ಮ ಪೆನ್ನು. ಇವೆರಡೂ ಒಂದೇ ಕಚೇರಿಯವಲ್ಲವೆ?

ತಿದ್ದುಪಡಿಗೆ ಅವಕಾಶವಿಲ್ಲ. ಒಂದು ಫೋನ್ ನಂಬರಿಗೆ ಒಂದೇ ಅರ್ಜಿ. ಹಾಗಾಗಿ ಕಳೆದ ಬುಧವಾರ ನಾನೇ ಸೊಣ್ಣಮ್ಮನವರ ಫೋನಿನಿಂದ ನಿಮ್ಮ ದೂರು ವಿಭಾಗಕ್ಕೆ ಬರೆಯಲು ಕೂತೆ. ಅಲ್ಲಿ "ದೂರಿಗೆ ಸಂಬಂಧಿಸಿದ ಸ್ಥಳ" ಎಂಬ ಖಾನೆ ಇತ್ತು. "ಹೊಂಗೆ ಮರದ ಕೆಳಗೆ" ಎಂದು ಬರೆದೆ. ಕೆಂಪಗೆ ಬಂತು: ಸರಿಯಾದ ವಿಳಾಸ ನಮೂದಿಸಿ. ಸ್ಥಳಕ್ಕೆ ನಂಬರಿಲ್ಲ ಎಂದು ದೂರು ಕೊಡಬೇಕಾದರೂ ಸ್ಥಳಕ್ಕೆ ನಂಬರಿರಬೇಕು.

ಆಗಲೇ ಮರಕ್ಕೆ ಸುಣ್ಣ ಬಳಿಯುವ ಯೋಚನೆ ಹುಟ್ಟಿದ್ದು. ಯೋಚನೆ ಸೊಣ್ಣಮ್ಮನವರದೇ. "ಅವ್ರ್ ಬುಕ್ನಾಗೆ ನಲವತ್ತೆರಡು ಅಂತ ಐತೆ ತಾನೆ? ಮರದ್ ಮೇಲೂ ನಲವತ್ತೆರಡು ಅಂತ ಇರ್ಲಿ. ಯಾರ್ಗೇನ್ ನಷ್ಟ?" ಎಂದರು. ಕಬ್ಬಿನ ಹಾಲಿನವರು, ಮುಜಫ್ಫರ್, ಉಳಿದವರೂ ಅದನ್ನೇ ಅನುಸರಿಸಿದರು. ನಿಮ್ಮ ನಮೂನೆಗೆ ಲೋಕ ಹೊಂದುತ್ತಿರಲಿಲ್ಲ. ಅವರು ಲೋಕವನ್ನೇ ತಿದ್ದಿ ಒಪ್ಪಿಸಿದ್ದಾರೆ. ಅವರ ಈ ಸಹಕಾರವನ್ನು ನೀವು ದಾಖಲಿಸಿಕೊಳ್ಳಬೇಕು. ಒಂದು ತೊಡಕು ಮಾತ್ರ ಇದೆ. ಸೊಣ್ಣಮ್ಮ ಬರೆದಿರುವುದು ಶಾಲೆಯಲ್ಲಿ ಕಲಿತ ಕನ್ನಡ ಅಂಕಿಗಳಲ್ಲಿ. ಮೇಲಿನ ಸಾಲು ಕನ್ನಡ ಅಂಕಿಗಳನ್ನು ಅಂಕಿ ಎಂದು ಒಪ್ಪುವುದಿಲ್ಲ. ಅವರಿಗೆ ಇದನ್ನು ಹೇಳುವ ಧೈರ್ಯ ನನಗಾಗಿಲ್ಲ.

ಹೇಳಲು ಧೈರ್ಯವಾಗದಿದ್ದದ್ದು ಇನ್ನೊಂದಿತ್ತು. ಆ ಸಾಲನ್ನು ಬರೆದದ್ದು ನಾನು.

ಯಶವಂತಪುರದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಮೂರು ಕೋಣೆಗಳ ಒಂದು ಕಂಪನಿ ಇದೆ. ನಿಮ್ಮ ಅರ್ಜಿಯ ಗುತ್ತಿಗೆ ಸಿಕ್ಕಿದ್ದು ಅವರಿಗೆ. ಎಂ.ಎ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅಲ್ಲಿ ಸೇರಿಸಿಕೊಂಡದ್ದು ಇಂಗ್ಲಿಷ್ ಖಾನೆಗಳಿಗೆ ಕನ್ನಡ ಹೆಸರು ಕೊಡಲು. "ಸರಿಯಾದ ವಿಳಾಸ ನಮೂದಿಸಿ" ಎಂಬ ವಾಕ್ಯವೂ ನನ್ನದೇ. ಯಾವುದು ಸರಿ ಎಂದು ಹೇಳದೆ, ಸರಿಯಾದದ್ದನ್ನು ಕೊಡಿ ಎಂದು ಗದರುವ ವಾಕ್ಯ. ಅದನ್ನು ಬರೆದ ದಿನ ವ್ಯಾಕರಣ ಮಾತ್ರ ನೋಡಿದ್ದೆ. ಒಂದಿಷ್ಟು ತಿಂಗಳಲ್ಲಿ ಅಲ್ಲೇ ನೋಡಿ ನೋಡಿ ಸ್ವಲ್ಪ ಜಾವಾಸ್ಕ್ರಿಪ್ಟ್ ಕಲಿತೆ. ತಂಡದ ಮುಖ್ಯಸ್ಥ ಆಕರ್ಷ್ ಒಂದು ದಿನ, "ಮಹತಿ, ವ್ಯಾಲಿಡೇಶನ್ ರೂಲ್ಸ್ ನೀವೇ ಬರೀರಿ. ಕನ್ನಡದವ್ರು, ಅಕ್ಷರ ಗಿಕ್ಷರ ನಿಮಗೇ ಚೆನ್ನಾಗ್ ಗೊತ್ತಿರತ್ತೆ" ಎಂದರು. ನಿಮ್ಮ ಕಚೇರಿಯಿಂದ ಒಂದು ಪಟ್ಟಿ ಬಂದಿತ್ತು. ಅಂಗಡಿ ಪರವಾನಗಿಯ ಹಳೆಯ ಪಟ್ಟಿಯನ್ನೇ ತಲೆಬರಹ ಬದಲಿಸಿ ಕಳಿಸಿದ್ದು ಎಂದು ನೋಡಿದರೆ ಗೊತ್ತಾಗುತ್ತಿತ್ತು. ಅದರಲ್ಲಿ ಸ್ಥಳದ ಮುಂದೆ "ಬಾಗಿಲ ಸಂಖ್ಯೆಯಿಂದ ಆರಂಭವಾಗತಕ್ಕದ್ದು, ಕಡ್ಡಾಯ" ಎಂದಿತ್ತು. ಬರೆದೆ. ನನ್ನ ಮನೆಯ ವಿಳಾಸ ಹಾಕಿ ಪರೀಕ್ಷಿಸಿದೆ. ಹಸಿರಾಯಿತು. ಅದೇ ಸಾಲನ್ನು ದೂರಿನ ಖಾನೆಗೂ ನಕಲು ಮಾಡಿ ಅಂಟಿಸಿದೆ. ಒಂದು ಸಲ ತೆಗೆದುಕೊಂಡದ್ದನ್ನು ಬಿಡಲಾಗಲಿಲ್ಲ. ನಂದಕುಮಾರ್ ಅವರನ್ನು ನಾನು ದೂಷಿಸದಿರಲು ಇದೂ ಒಂದು ಕಾರಣ.

ನನಗೆ ಮರ ನೆನಪಾಗಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ನೆನಪಾಗಿತ್ತು. ಅರ್ಜಿಗೆ ಒಪ್ಪಿಗೆ ಕೊಡುವ ವಿಡಿಯೊ ಸಭೆಯಲ್ಲಿ ಹನ್ನೊಂದು ಜನರಿದ್ದೆವು. ನೀವೂ ಇದ್ದಿರಿ. ನಿಮ್ಮ ಕ್ಯಾಮೆರಾ ಆಫ್ ಆಗಿತ್ತು, ನನ್ನದೂ. "ಸರ್, ಬೀದಿ ವ್ಯಾಪಾರಿಗಳಿಗೆ ಬಾಗಿಲ ಸಂಖ್ಯೆ ಇರುತ್ತದೆಯೇ?" ಎಂದು ಚಾಟ್‌ನಲ್ಲಿ ಟೈಪ್ ಮಾಡಿದೆ. ಇಷ್ಟು ಸಣ್ಣ ವಿಷಯಕ್ಕೆ ಹತ್ತು ಜನರನ್ನು ತಡೆದು ನಿಲ್ಲಿಸುವುದೇ ಅನ್ನಿಸಿತು. ಅಳಿಸಿದೆ. ನೀವು "ಯಾರಿಗಾದರೂ ಸಂಶಯ ಇದೆಯಾ?" ಎಂದು ಕೇಳಿದಿರಿ. ಮೂರು ಸೆಕೆಂಡು ಯಾರೂ ಮಾತಾಡಲಿಲ್ಲ. "ಹಾಗಾದರೆ ಸರಿ" ಎಂದಿರಿ. ಆ ಮೂರು ಸೆಕೆಂಡುಗಳಲ್ಲಿ ಮಾತಾಡಬೇಕಾಗಿದ್ದವಳು ನಾನು. ಈ ಪತ್ರ ಬಹಳ ಉದ್ದವಾಯಿತು ಎಂದು ನಿಮಗೆ ಅನ್ನಿಸಿದರೆ, ಆಗ ಅಳಿಸಿದ ಪ್ರಶ್ನೆಯೇ ಇಷ್ಟು ಬೆಳೆದಿದೆ ಎಂದುಕೊಳ್ಳಿ.

ತಿದ್ದುವುದು ಕಷ್ಟವೇ ಎಂದರೆ, ಇಲ್ಲ. ಹೊಸ ಸಾಲು ಬರೆಯಲು ನನಗೆ ನಾಲ್ಕು ನಿಮಿಷ ಹಿಡಿಯಿತು. ಖಾನೆ ಖಾಲಿ ಇರಬಾರದು, ಅಷ್ಟನ್ನೇ ಅದು ಕೇಳುತ್ತದೆ. ಉಳಿದದ್ದನ್ನು ಖುದ್ದಾಗಿ ಹೋಗಿ ನೋಡುವುದಕ್ಕೆಂದೇ ನಿಮ್ಮ ಬಳಿ ಸಿಬ್ಬಂದಿ ಇದ್ದಾರೆ, ಅವರಿಗೆ ಸ್ಕೂಟರೂ ಇದೆ. ಆಕರ್ಷ್ ನೋಡಿ ಒಪ್ಪಿದರು. "ಚೆನ್ನಾಗಿದೆ ಮಹತಿ, ಇದೇ ಸರಿ. ಆದ್ರೆ ಆಫೀಸಿಂದ ಲೆಟರ್ ಬರ್ದೆ ಲೈವ್‌ಗೆ ಹಾಕೋಕಾಗಲ್ಲ" ಎಂದರು. ಆ ಒಪ್ಪಿಗೆ ಪತ್ರಕ್ಕಾಗಿ ನಿಮಗೆ ಮೂರು ಮಿಂಚಂಚೆ ಹೋಗಿವೆ. ಮೂರಕ್ಕೂ ಬಂದ ಉತ್ತರ ಒಂದೇ: ನಿಮ್ಮ ಸಲಹೆಯನ್ನು ಗಮನಿಸಲಾಗಿದೆ. ಗಮನಿಸುವುದು ಎಷ್ಟು ಸುಖದ ಕೆಲಸ ಎಂದು ನನಗೂ ಗೊತ್ತು. ನಾನೂ ಬಹಳ ಕಾಲ ಅದನ್ನೇ ಮಾಡಿದ್ದೇನೆ.

ಇವತ್ತು ಬೆಳಗ್ಗೆ ಸುಣ್ಣದ ನಂಬರು ನೋಡಿದ ಮೇಲೆ ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಮರದ ಹತ್ತಿರ ನಿಂತೆ. ಸೊಣ್ಣಮ್ಮನವರಿಗೆ ಹೇಳಿಬಿಟ್ಟೆ. ಆ ನಂಬರು ಕೇಳೋ ಸಾಲು ಬರೆದಿದ್ದು ನಾನೇ ಅಮ್ಮಾ ಎಂದೆ.

"ನೀನಾ?" ಎಂದರು. ಕೈ ಮಾತ್ರ ಹೂ ಕಟ್ಟುತ್ತಲೇ ಇತ್ತು. "ಬರೆಯೋವಾಗ ನಾನ್ ಕಣ್ಮುಂದೆ ಬರ್ಲಿಲ್ವಾ? ದಿನಾ ನೋಡ್ತೀಯಲ್ಲ."

"ಬಂದ್ರಿ."

"ಮತ್ತೆ?"

"ಕೇಳೋಕೆ ನಾಚಿಕೆ ಆಯ್ತು."

ಅವರು ದಾರಕ್ಕೆ ಇನ್ನೊಂದು ಗಂಟು ಹಾಕಿದರು. ಆಮೇಲೆ, "ನಾಚ್ಕಂಡಿದ್ದು ನೀನು, ಎದ್ದೋಗ್ಬೇಕಾಗಿರದು ನಾನು. ಚೆನ್ನಾಗೈತೆ ಕಣವ್ವ ನಿಮ್ ಕಂಪೂಟ್ರು" ಎಂದರು. ಕೋಪದಿಂದ ಹೇಳಲಿಲ್ಲ. ನನ್ನ ಅಮ್ಮನಿಗೆ ದಿನಾ ಕೊಡುವ ಮಲ್ಲಿಗೆಯನ್ನು ಮೊಳ ಹಾಕಿ ಕತ್ತರಿಸುತ್ತ ಹೇಳಿದರು. "ಓಗ್ಲಿ, ಬರೆದವ್ಳು ನೀನೇ ಅಂದ್ಮೇಲೆ ಅಳ್ಸೋಳೂ ನೀನೇ ಅಲ್ವಾ? ಅಳ್ಸು ಮತ್ತೆ."

ಅಳಿಸಲು ನಿಮ್ಮ ಸಹಿ ಬೇಕು ಎಂದು ಅವರಿಗೆ ಅರ್ಥವಾಗುವಂತೆ ಹೇಳಲು ನನಗೆ ಆಗಲಿಲ್ಲ. ನನಗೇ ಅದು ಅರ್ಥವಾಗಿಲ್ಲ.

ಆದ್ದರಿಂದ ಮಾನ್ಯರೇ, ಎಲ್ಲರ ಎದುರು ಕೇಳುತ್ತಿದ್ದೇನೆ. ಸೋಮವಾರ ಸಂಜೆಯೊಳಗೆ ಆ ಒಂದು ಸಾಲನ್ನು ಬದಲಿಸಲು ಲಿಖಿತ ಒಪ್ಪಿಗೆ ಕೊಡಿ. ತಿರಸ್ಕರಿಸಿದ ಮೂವತ್ತೊಂದು ಅರ್ಜಿಗಳನ್ನು ಮತ್ತೆ ತೆರೆದು, ಅವರವರು ಕೂತ ಜಾಗವನ್ನು ಅವರವರ ಮಾತಿನಲ್ಲೇ ಬರೆಯಲು ಬಿಡಿ. ಮಂಗಳವಾರ ನಿಮ್ಮ ಸಿಬ್ಬಂದಿ ಬಂದಾಗ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ರಸ್ತೆಯನ್ನು ನೋಡಲಿ ಎಂದು ಅವರಿಗೆ ತಿಳಿಸಿ. ಹೂ ಬೇಕಿದ್ದರೆ ಕೊಳ್ಳಲಿ, ಸೊಣ್ಣಮ್ಮ ಮೊಳದಲ್ಲಿ ಮೋಸ ಮಾಡುವುದಿಲ್ಲ.

ಈ ಪತ್ರದ ಕರಡನ್ನು ಆಕರ್ಷ್ ಅವರಿಗೆ ತೋರಿಸಿದ್ದೆ. ಓದಿ, "ಬರ್ದಿರೋದೆಲ್ಲ ನಿಜ. ಆದ್ರೆ ಹೆಸರು ಹಾಕ್ಬೇಡಿ. ಮುಂದಿನ ತಿಂಗಳು ನಿಮ್ ಕಾಂಟ್ರಾಕ್ಟ್ ರಿನ್ಯೂವಲ್ ಇದೆ" ಎಂದರು. ಕಾಳಜಿಯಿಂದಲೇ ಹೇಳಿದರು. ಹೆಸರು ಹಾಕಿದ್ದೇನೆ. ಮಂಗಳವಾರಕ್ಕೆ ರಜೆಯನ್ನೂ ಹಾಕಿದ್ದೇನೆ. ಹತ್ತೂವರೆಗೆ ಸೊಣ್ಣಮ್ಮನವರ ಬುಟ್ಟಿಯ ಪಕ್ಕ ನಿಂತಿರುತ್ತೇನೆ, ನಿಮ್ಮವರು ಬಂದಾಗ ಮೊದಲು ಮಾತಾಡುವವಳು ನಾನು. ನಮ್ಮ ಕಂಪನಿಯ ರಜೆಯ ಅರ್ಜಿಯಲ್ಲಿ ಕಾರಣ ಎಂಬ ಒಂದು ಖಾನೆ ಇದೆ. ಅದಕ್ಕೆ ಯಾವ ಸೂತ್ರವನ್ನೂ ಯಾರೂ ಬರೆದಿಲ್ಲ, ಏನು ಬರೆದರೂ ತೆಗೆದುಕೊಳ್ಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ತೆಗೆದುಕೊಂಡಿತು.

ಇಂತಿ,
ಆ ಸಾಲನ್ನು ಬರೆದವಳು,
ಮಹತಿ
ಹೊಂಗೆ ಮರದ ಎದುರು, ಹೂವಿನವರನ್ನು ಕೇಳಿದರೆ ತೋರಿಸುವ ಮನೆ,
ಸಹಕಾರನಗರ